ಕಚ್ಚದ ಹೊಲಿಗೆ

ಕೋಟಮ್ಮನವರು ನಕ್ಕಿದ್ದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಬೀದಿ ತಿರುವಿನ ಆ ಹೊಲಿಗೆ ಅಂಗಡಿಗೆ ಬರುತ್ತಿದ್ದ ಗಿರಾಕಿಗಳು, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡಿರುವ ಹೆಂಗಸು ನಗುವುದಾದರೂ ಹೇಗೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಅಂಗಡಿಯ ಕದ ತೆರೆದೊಡನೆ ಬಾಯಿ ಸೇರುತ್ತಿದ್ದ ಆ ಸೂಜಿಗಳು ಊಟಕ್ಕೊಮ್ಮೆ ಹೊರಬಂದರೆ ಮತ್ತೆ ಸಂಜೆಗೇ. ನಡುವಿನ ಮಾತೆಲ್ಲ ಅವುಗಳ ಸಂದಿಯಿಂದಲೇ ನುಸುಳಿ ಬರಬೇಕಾಗಿದ್ದುದರಿಂದ ಅವರ ನುಡಿ ಸದಾ ಚಿಕ್ಕದಾಗಿ, ಚೊಕ್ಕವಾಗಿ, ತುದಿಯಲ್ಲಿ ತುಸು ಮೊನಚಾಗಿ ಇರುತ್ತಿತ್ತು. ಕೋಟನ್ನು ಬಿಟ್ಟು ಬೇರೇನನ್ನೂ ಹೊಲಿಯುವುದಿಲ್ಲವೆಂಬ ಹಟದಿಂದ ಬಂದ ಹೆಸರು ಅದು. "ನಿಮ್ಮಂಥವರು ಕೋಟಿಗೆ ಒಬ್ಬರು" ಎಂದು ಗಿರಾಕಿಯೊಬ್ಬ ಮನಸಾರೆ ಹೊಗಳಿದಾಗ, "ಹೌದು ಸರ್, ಕೋಟಿಗೆ ಒಬ್ಬಳೇ. ಗುಂಡಿ ಹಚ್ಚೋಕೂ ಇನ್ನೊಬ್ಬರಿಲ್ಲ" ಎಂದು ಕಲ್ಲಿನಂಥ ಮುಖದಲ್ಲಿ ಉತ್ತರಿಸಿದ್ದರಂತೆ. ಆತ ಮರುಕದಿಂದ ತಲೆಯಾಡಿಸಿ ಹೊರಟು, ಬಸ್ಸು ಹತ್ತಿ ಕುಳಿತ ಮೇಲೆ ಒಬ್ಬನೇ ನಕ್ಕು, ಪಕ್ಕದವರು ಸರಿದು ಕೂರುವಂತೆ ಮಾಡಿದನಂತೆ.

ಸೂಜಿಯಿಂದಾಗಿ ನಗು ನಿಂತದ್ದಲ್ಲ, ನಗುವನ್ನು ನಿಲ್ಲಿಸಲೆಂದೇ ಸೂಜಿ ಬಂದದ್ದು ಎಂಬ ಗುಟ್ಟು ಮನೆಯವರಿಗೆ ಮಾತ್ರ ಗೊತ್ತಿತ್ತು. ಅವರ ತಂದೆಯೂ ಕೋಟಿನ ದರ್ಜಿ. ಕಸುಬಿನಲ್ಲಿ ಮೊದಲ ದರ್ಜೆ, ಕುಚೇಷ್ಟೆಯಲ್ಲಿ ಅದಕ್ಕೂ ಒಂದು ದರ್ಜೆ ಮೇಲೆ. ಪುಟ್ಟ ಮಗಳನ್ನು ಎದುರಿಗೆ ಕೂರಿಸಿಕೊಂಡು, ಇಬ್ಬರ ತುಟಿಗಳ ನಡುವೆಯೂ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸಿ, ಹಲ್ಲುಗಳ ಸಂದಿಯಿಂದಲೇ ಆತ ನಗೆಮಾತು ಹೇಳುತ್ತಿದ್ದ. ಯಾರ ಕಡ್ಡಿ ಮೊದಲು ಬಿತ್ತೋ ಅವರು ಸೋತಂತೆ. "ಚೇಷ್ಟೆ ಮಾಡೋರ ಮುಖ ಬೀಗ ಹಾಕಿದ ಅಂಗಡಿ ಥರ ಇರ್ಬೇಕು ಮಗಳೇ. ಒಳಗೆ ದೀಪ ಉರೀತಿರ್ಲಿ, ಹೊರಗೆ ಕಾಣ್ಬಾರ್ದು" ಎಂಬುದು ಆತನ ಪಾಠ. ಹೀಗೆ ಕಡ್ಡಿಯಿಂದ ಗುಂಡುಸೂಜಿಗೆ ಬಡ್ತಿ ಪಡೆದ ಮಗಳ ನಗು ಬಾಯಿಯ ದಾರಿ ಮುಚ್ಚಿದ್ದರಿಂದ ಕಾಲಿಗಿಳಿಯಿತು. ಒಳಗೊಳಗೇ ನಗು ಬಂದಾಗ ಹೊಲಿಗೆಯಂತ್ರದ ಪೆಡಲು ತಾನಾಗಿ ಓಡತೊಡಗುತ್ತಿತ್ತು. ಮುಖ ನೋಡಿದರೆ ಶೋಕಸಭೆ, ಕಾಲು ನೋಡಿದರೆ ಕುದುರೆ ಜೂಜು.

ಆ ತಂದೆಯ ಲೀಲೆಗಳನ್ನು ಹೇಳಲು ಕೂತರೆ ಕೋಟಮ್ಮನವರ ಸೂಜಿಗಳು ಊಟವಿಲ್ಲದಿದ್ದರೂ ಹೊರಬರುತ್ತಿದ್ದವು. ಹೆಂಡತಿಯ ತಮ್ಮನೊಬ್ಬನಿಗೆ ತನ್ನ ಮೈಕಟ್ಟಿನ ಮೇಲೆ ಬಹಳ ಮೋಹ. ಬಂದಾಗಲೆಲ್ಲ ಸೊಂಟದ ಅಳತೆ ತೆಗೆಸಿಕೊಂಡು ಬೀಗುತ್ತಿದ್ದ. ಈತ ಅಳತೆಯ ಟೇಪಿನ ತುದಿಯಿಂದ ಒಂದಿಷ್ಟು ಇಂಚು ಕತ್ತರಿಸಿ, ಹಿತ್ತಾಳೆಯ ಪಟ್ಟಿಯನ್ನು ಮತ್ತೆ ಮೊದಲಿನಂತೆಯೇ ಕೂರಿಸಿಟ್ಟ. ಅಂದಿನಿಂದ ಟೇಪು ಸುತ್ತಿದಾಗಲೆಲ್ಲ ಸೊಂಟ ಹಿಗ್ಗಿರುತ್ತಿತ್ತು; ಮುಂದಿನ ಸಲ ಬರುವಷ್ಟರಲ್ಲಿ ಟೇಪು ಇನ್ನಷ್ಟು ಕುಗ್ಗಿ ಸೊಂಟ ಇನ್ನಷ್ಟು ಹಿಗ್ಗುತ್ತಿತ್ತು. "ಭಾವ, ಸರಿಯಾಗಿ ನೋಡಿ!" "ಅಳತೆ ಸುಳ್ಳು ಹೇಳುತ್ತಾ? ನೀನು ಅಳೋದಾದ್ರೆ ಹೇಳು, ನಾನು ಅಳೆಯೋದು ನಿಲ್ಲಿಸ್ತೀನಿ." ಪಾಪ, ಆ ಮನುಷ್ಯ ಬೆಳಗ್ಗೆದ್ದು ಉದ್ಯಾನದ ಸುತ್ತ ಓಡತೊಡಗಿದ, ಸಿಹಿ ಬಿಟ್ಟ, ಮುದುಕನಾಗುವವರೆಗೂ ಕಂಬದಂತೆ ಗಟ್ಟಿಯಾಗಿ ಉಳಿದ. ನಿಜ ತಿಳಿದ ದಿನ ಕೆಂಡವಾಗಿ, ಕೊನೆಗೆ ತಣ್ಣಗಾಗಿ, ಆ ಮೋಟು ಟೇಪನ್ನೇ ಕೇಳಿ ಪಡೆದುಕೊಂಡು ಹೋಗಿ ತನ್ನ ಮನೆಯ ಗೋಡೆಗೆ ತೂಗುಹಾಕಿದನಂತೆ.

"ಈಗೆಲ್ಲಿ ಅಂಥ ಚೇಷ್ಟೆ?" ಎಂದು ಕೋಟಮ್ಮನವರು ನಿಟ್ಟುಸಿರಿಡುತ್ತಿದ್ದರು. "ಈಗಿನೋರು ಫೋನಲ್ಲಿ ನಗೋ ಮುಖ ಕಳಿಸ್ತಾರೆ, ಅವರ ಮುಖ ಮಾತ್ರ ನಗ್ತಿರೋದಿಲ್ಲ. ನಂದು ಉಲ್ಟಾ ಕೇಸು."

ತಂದೆ ಬಿಟ್ಟುಹೋದ ಆಸ್ತಿಯಲ್ಲಿ ಒಂದು ಬೂದುಬಣ್ಣದ ಕೋಟಿತ್ತು. ಬಟ್ಟೆ ಮಾಸಿದಾಗ ಮಗಳು ಒಳಮೈಯನ್ನು ಹೊರಮೈ ಮಾಡಿ ಮತ್ತೆ ಹೊಲಿದು, ತನ್ನ ಅಳತೆಗೆ ಇಳಿಸಿಕೊಂಡು ತೊಡುತ್ತಿದ್ದರು. ಜೊತೆಗೆ ಒಂದು ಕಟ್ಟಳೆಯೂ ಬಂದಿತ್ತು. ಕೋಟು ಸಿದ್ಧವಾಗುವ ಮೊದಲು ದರ್ಜಿ ಬಟ್ಟೆಯ ತುಂಡುಗಳನ್ನು ಸಡಿಲವಾದ ದೊಡ್ಡ ದೊಡ್ಡ ಎಳೆಗಳಿಂದ ಜೋಡಿಸಿ ನೋಡುತ್ತಾನಲ್ಲ, ಆಮೇಲೆ ಒಂದು ತುದಿ ಹಿಡಿದೆಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುವ ಹೊಲಿಗೆ, ಅದಕ್ಕೆ ಕಸುಬಿನಲ್ಲಿ ಕಚ್ಚಾ ಹೊಲಿಗೆಯೆನ್ನುತ್ತಾರೆ. "ಕಚ್ಚಾ ಹೊಲಿಗೆ ಅಂದ್ರೆ ಕಚ್ಚದ ಹೊಲಿಗೆ" ಎಂದು ತಂದೆ ಭಾಷ್ಯ ಬರೆದಿದ್ದ. ಚೇಷ್ಟೆಯೂ ಅಷ್ಟೇ, ಒಮ್ಮೆ ಎಳೆದರೆ ಬಿಟ್ಟುಕೊಳ್ಳಬೇಕು, ಬಟ್ಟೆಯ ಮೇಲಾಗಲಿ ಮನಸ್ಸಿನ ಮೇಲಾಗಲಿ ಗುರುತು ಉಳಿಯಕೂಡದು. ಮತ್ತು ಅದು ಮನೆಯವರಿಗೆ ಮಾತ್ರ ಮೀಸಲು. ಗಿರಾಕಿಗೆ ಬೇಕಾದರೆ ಮಾತಿನಲ್ಲಿ ಒಂದು ಚಿವುಟು, ಅದೂ ನೋಯದಷ್ಟು. ಕೈಚೇಷ್ಟೆ ಮಾತ್ರ ಸಲ್ಲದು. ಬಟ್ಟೆಯನ್ನೂ ಮೈಯನ್ನೂ ನಂಬಿ ಒಪ್ಪಿಸಿದವನೊಡನೆ ಆಟವಿಲ್ಲ.

ಈ ವಿದ್ಯೆಯನ್ನು ಯಾರಿಗೆ ದಾಟಿಸುವುದೆಂಬುದೇ ಕೋಟಮ್ಮನವರ ಚಿಂತೆಯಾಗಿತ್ತು. ಇದ್ದವನು ಒಬ್ಬನೇ ಮಗ, ಲಿಫ್ಟು ರಿಪೇರಿಯವನು. ಬದುಕಿನ ಏರುಪೇರನ್ನೆಲ್ಲ ಕೆಲಸದಲ್ಲೇ ಮುಗಿಸಿ ಮನೆಗೆ ಸಮತಟ್ಟಾಗಿ ಬರುತ್ತಿದ್ದ ಒಳ್ಳೆಯ ಹುಡುಗ. ಚೇಷ್ಟೆಗೆ ಮಾತ್ರ ನಾಲಾಯಕ್ಕು. ಅಮ್ಮನ ಕನ್ನಡಕ ಬಚ್ಚಿಡಲು ಹೊರಟರೆ, ಕನ್ನಡಕಕ್ಕೆ ಕೈಹಾಕುವ ಮೊದಲೇ ಕಿಸಕ್ಕನೆ ನಕ್ಕುಬಿಡುತ್ತಿದ್ದ. "ಇವನ ಮುಖ ಇವನಿಗಿಂತ ಮುಂಚೆ ಬಾಯಿಬಿಡುತ್ತೆ" ಎಂದು ತಾಯಿ ಕೈಚೆಲ್ಲಿದ್ದರು.

ಆ ಮಗನ ಕೈಹಿಡಿದು ಬಂದ ಸೊಸೆಯೋ, ತಮಾಷೆಯ ಗಾಳಿಯೇ ಸೋಕದ ಮನೆಯವಳು. ತಂದೆ ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಹೇಳುವವರು. ಆ ಮನೆಯಲ್ಲಿ ಮಾತೆಂದರೆ ಪ್ರಕಟಣೆ. "ಊಟ ಸ್ವಲ್ಪ ತಡವಾಗಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ತಂದೆ ಹೇಳಿದರೆ ಯಾರೂ ನಗುತ್ತಿರಲಿಲ್ಲ, ಏಕೆಂದರೆ ಅವರು ನಿಜಕ್ಕೂ ವಿಷಾದಿಸುತ್ತಿದ್ದರು. ಹೇಳಿದ ಮಾತಿಗೆ ಹೇಳಿದ್ದೇ ಅರ್ಥವೆಂದು ನಂಬಿ ಬೆಳೆದ ಹುಡುಗಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಕಲಿತಳು; ಅಲ್ಲಿಯೂ ಕೆಂಪೆಂದರೆ ಕೆಂಪು, ಬಿಳಿಯೆಂದರೆ ಬಿಳಿ. ಅತ್ತೆಯ ಕೈಯಲ್ಲಿ ಸೂಜಿ, ಸೊಸೆಯ ಕೈಯಲ್ಲೂ ಸೂಜಿ. ಒಂದು ಸೇರಿಸುವುದು, ಇನ್ನೊಂದು ಚುಚ್ಚುವುದು. "ಒಳ್ಳೇ ಜೋಡಿ ಬಿಡು" ಎಂದು ಮಗ ಒಮ್ಮೆ ಹೇಳಿದ, ಸಹಜವಾಗಿಯೇ ತಾನೇ ಮೊದಲು ನಕ್ಕು.

ಹೊಸ ಪ್ರಯೋಗಾಲಯದಲ್ಲಿ ಸೊಸೆಗೆ ಕೆಲಸ ಸಿಕ್ಕಾಗ ಕೋಟಮ್ಮನವರು ತಾವೇ ಕೂತು ಅವಳಿಗೊಂದು ಬಿಳಿ ಕೋಟು ಹೊಲಿದುಕೊಟ್ಟರು. ಭುಜದ ಮೇಲೆ ಬೆಳದಿಂಗಳು ಬಿದ್ದಂತೆ ಕೂರುವ ಕೋಟು. ಪ್ರೀತಿ ಉಕ್ಕಿದಾಗ ಆ ಮನೆತನದವರು ಏನು ಮಾಡುತ್ತಾರೋ ಅದನ್ನೂ ಮಾಡಿದರು: ಬಲತೋಳಿನ ತುದಿಯನ್ನು ಕಚ್ಚಾ ಹೊಲಿಗೆಯಿಂದ ಮುಚ್ಚಿಟ್ಟರು. ಹುಡುಗಿ ಮನೆಯಲ್ಲೇ ಕನ್ನಡಿಯ ಮುಂದೆ ತೊಟ್ಟು ನೋಡುತ್ತಾಳೆ, ಕೈ ಸಿಕ್ಕಿಬೀಳುತ್ತದೆ, ತಾನು ಬಾಗಿಲಲ್ಲಿ ನಿಂತು "ಏನೇ, ನಿನ್ನ ಕೈ ಅಷ್ಟುದ್ದ ಬೆಳೀಲಿಲ್ವಾ?" ಎಂದು ಕೇಳಬೇಕು, ಆಮೇಲೆ ಎಳೆಯ ತುದಿ ತೋರಿಸಬೇಕು. ಅದು ಅವರ ಲೆಕ್ಕ. ಆದರೆ ಹೊಸ ಕೋಟು ಸುಕ್ಕಾದೀತೆಂದು ಸೊಸೆ ಅದನ್ನು ಮಡಿಸಿದಂತೆಯೇ ಚೀಲಕ್ಕಿಟ್ಟುಕೊಂಡು ಹೋದಳು.

ಪ್ರಯೋಗಾಲಯದ ಮುಖ್ಯಸ್ಥೆ ಹೊಸಬಳನ್ನು ಎಲ್ಲರಿಗೂ ಪರಿಚಯಿಸುತ್ತಿದ್ದಾಗ ಅವಳು ಕೋಟು ತೊಡಲು ಹೋದಳು. ಒಳಹೋದ ಕೈ ಹೊರಬರಲಿಲ್ಲ. ಒಂದೆಳೆ ಹಿಡಿದೆಳೆದರೆ ಬಿಚ್ಚಿಕೊಳ್ಳುತ್ತದೆಂದು ಗೊತ್ತಿಲ್ಲದವಳು ಗಾಬರಿಯಿಂದ ಜಗ್ಗಿದಳು, ಕಂಕುಳ ಬಳಿ ಪರ್ರನೆ ಹರಿಯಿತು. ಯಾರೋ ನಕ್ಕರು. ಮುಖ್ಯಸ್ಥೆ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಸಂಜೆ ಮನೆಗೆ ಬಂದವಳು ಹರಿದ ಕೋಟನ್ನು ಮೇಜಿನ ಮೇಲಿಟ್ಟು, "ನಾನು ನಿಮಗೆ ಏನು ಮಾಡಿದ್ದೆ ಅತ್ತೆ?" ಎಂದಳು. ಅಷ್ಟೇ ಮಾತು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು.

ಕೋಟಮ್ಮನವರು ಸಮಜಾಯಿಷಿ ಹೇಳಲಿಲ್ಲ. ತುಟಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಹರಿದ ಕಡೆ ಗುರುತೇ ಕಾಣದಂತೆ ಹೊಲಿದು, ಇಸ್ತ್ರಿ ಮಾಡಿ ತಂದಿಟ್ಟರು. "ತಪ್ಪಾಯ್ತಮ್ಮ. ಇನ್ನು ಹೀಗಾಗೋದಿಲ್ಲ. ನೀವು ಊಟ ಮಾಡಿ" ಎಂದರು.

ನೀವು! ಆ ಒಂದಕ್ಷರದ ವ್ಯತ್ಯಾಸ ಆ ದಿನ ಸೊಸೆಗೆ ತಿಳಿಯಲಿಲ್ಲ. ದೊಡ್ಡವರು ತಪ್ಪೊಪ್ಪಿಕೊಂಡರಲ್ಲ ಎಂಬ ತೃಪ್ತಿಯಲ್ಲಿ ಉಂಡು ಮಲಗಿದಳು. ಮರುದಿನವೂ ನೀವು, ಮರುವಾರವೂ ನೀವು. "ನಿಮಗೆ ಕಾಫಿ ಸಾಕಾ? ನೀವು ಹೊರಟ್ರಾ? ನಿಮಗೆ ತಡ ಆಗುತ್ತಾ?" ಅವಳ ಕೋಟು ದಿನಾ ಗರಿಗರಿಯಾಗಿ ಗೂಟದಲ್ಲಿ ತೂಗುತ್ತಿತ್ತು, ಎರಡೂ ತೋಳುಗಳು ಬಾಯ್ದೆರೆದುಕೊಂಡು. ಚಪ್ಪಲಿ ಇಟ್ಟ ಜಾಗದಲ್ಲೇ ಇರುತ್ತಿತ್ತು. ಸಕ್ಕರೆಯ ಡಬ್ಬಿಯಲ್ಲಿ ಸಕ್ಕರೆಯೇ ಇರುತ್ತಿತ್ತು. ಒಳಗಿನಿಂದ ತಾಯಿಮಗನ ಗದ್ದಲ ಕೇಳಿ ಇವಳು ಬಾಗಿಲಿಗೆ ಬಂದರೆ, ಗದ್ದಲ ಪಾಠಶಾಲೆಯಲ್ಲಿ ಮೇಷ್ಟರು ಬಂದಂತೆ ನಿಂತುಹೋಗುತ್ತಿತ್ತು. ಅತ್ತೆ ಎದ್ದು ಕುರ್ಚಿ ಸರಿಸಿ, "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಯಂತ್ರದ ಪೆಡಲು ಒಂದೇ ಸಮನೆ, ಗುಮಾಸ್ತನ ನಡಿಗೆಯಂತೆ, ಎಲ್ಲೂ ಓಡದೆ ಸಾಗುತ್ತಿತ್ತು.

ಒಂದು ಬೆಳಗ್ಗೆ ಅವಳು ಗಂಡನನ್ನು ಕೇಳಿಯೇಬಿಟ್ಟಳು. "ಅತ್ತೆ ನನಗೆ ಯಾಕೆ ನೀವು ಅಂತಾರೆ?"

"ಗೌರವ ಕಣೆ."

"ಮತ್ತೆ ನಿನಗೆ?"

"ನನಗೆಲ್ಲಿಂದ ಬರ್ಬೇಕು ಗೌರವ? ಇಲ್ಲಿ ನೋಡು, ಎರಡೂ ಕಾಲುಚೀಲ ಸೇರಿಸಿ ಹೊಲಿದಿಟ್ಟಿದ್ದಾಳೆ!" ಎಂದು ಅವನು ಒಂಟಿಕಾಲಲ್ಲಿ ಕುಪ್ಪಳಿಸುತ್ತ ನಕ್ಕ. ಎಳೆಯೊಂದನ್ನು ಜಗ್ಗಿದ, ಹೊಲಿಗೆ ಸರ್ರನೆ ಬಿಟ್ಟಿತು. "ಅಮ್ಮ ನೀವು ಅನ್ನೋದು ಗಿರಾಕಿಗಳಿಗೆ ಮಾತ್ರ" ಎಂದು, ಏನು ಹೇಳಿದೆನೆಂಬ ಪರಿವೆಯಿಲ್ಲದೆ ಬೂಟು ಹಾಕಿಕೊಂಡು ಹೊರಟುಹೋದ.

ಸೊಸೆ ನಿಂತಲ್ಲೇ ನಿಂತಳು. ಈ ಮನೆಯಲ್ಲಿ ತನಗಿರುವ ಸ್ಥಾನದ ವರದಿ ಕೈಗೆ ಬಂದಂತಾಗಿತ್ತು: ಎಲ್ಲವೂ ಸುಸ್ಥಿತಿಯಲ್ಲಿದೆ, ಸಂಬಂಧವೊಂದನ್ನು ಬಿಟ್ಟು. ಆವತ್ತು ಹರಿದದ್ದು ಕೋಟೆಂದು ತಿಳಿದಿದ್ದಳು. ಅತ್ತೆ ಹೊಲಿದುಕೊಟ್ಟದ್ದೂ ಅದನ್ನು ಮಾತ್ರ. ಗಿರಾಕಿಯಾಗಿ ಈ ಮನೆಯಲ್ಲಿ ಒಂದು ಆಯುಷ್ಯವನ್ನೇ ಕಳೆಯಬಹುದಿತ್ತು, ಬಹಳ ಸುಖವಾಗಿ, ಒಬ್ಬಂಟಿಯಾಗಿ.

ಅಂದಿನಿಂದ ಅವಳು ಅತ್ತೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ ಹನಿಯಂತೆ ನೋಡತೊಡಗಿದಳು. ಎದುರು ಬಂದವರ ಮುಖಕ್ಕಿಂತ ಮೊದಲು ಭುಜವನ್ನು ನೋಡುವ ಅವರ ರೀತಿ, ಬಟ್ಟೆಯ ಮೇಲೆ ಗೆರೆ ಎಳೆಯುವ ಮೊದಲು ಗಾಳಿಯಲ್ಲಿ ಒಮ್ಮೆ ಎಳೆದುಕೊಳ್ಳುವ ಬೆರಳು, ಒಂದು ಭುಜ ತುಸು ಮುಂದೆ ಮಾಡಿ ಬಟ್ಟೆ ಅಳೆಯುವಂತೆ ನೆಲ ಅಳೆದು ನಡೆಯುವ ನಡಿಗೆ, ಎಲ್ಲವನ್ನೂ. ರಜೆಯ ಒಂದು ಮಧ್ಯಾಹ್ನ ಅತ್ತೆ ದಾರದ ಅಂಗಡಿಗೆ ಹೋಗಿದ್ದರು. ಅಂಗಡಿಯೊಳಗೆ ಅವರ ಎಂದಿನ ಗೂಟದಲ್ಲೇ ಬೂದುಬಣ್ಣದ ಕೋಟು ತೂಗುತ್ತಿತ್ತು. ಸೊಸೆ ದಾರ ಪೋಣಿಸಿದಳು. ಒಂದೆಳೆ ಸಾಲದೇನೋ ಎಂದು ಎರಡೆಳೆ ಮಾಡಿಕೊಂಡಳು. ಮಾದರಿಯ ಸೀಸೆಗೆ ಮುಚ್ಚಳ ಹಾಕಿ ಅಭ್ಯಾಸವಾದ ಕೈ. ಎಡತೋಳಿನ ತುದಿಯನ್ನು ಒಂದು ಹನಿಯೂ ಸೋರದಂತೆ ಹೊಲಿದು, ಎರಡೂ ಕೊನೆಗೆ ಗಂಟು ಬಿಗಿದು, ಒಳಬಾಗಿಲ ಮರೆಯಲ್ಲಿ ನಿಂತಳು. ಮುಖಕ್ಕೆ ಬೀಗ ಹಾಕಲು ನೋಡಿದಳು, ಬೀಗ ಜಾರುತ್ತಿತ್ತು.

ಅತ್ತೆ ಬಂದರು. ಮೈಮೇಲೆ ಬೂದುಬಣ್ಣದ ಕೋಟಿತ್ತು.

ಅವರ ಹಿಂದೆಯೇ ಮೆಟ್ಟಿಲು ಹತ್ತಿ ಬಂದವರು ಶಾಲೆಯ ಮುಖ್ಯೋಪಾಧ್ಯಾಯರು. ಕೋಟಮ್ಮನವರ ಕೋಟಿನ ಬಣ್ಣವನ್ನೇ ಮೆಚ್ಚಿ, ಅದೇ ಬಣ್ಣದ ಬಟ್ಟೆ ಹುಡುಕಿಸಿ ಹೊಲಿಸಿದ್ದರು. ಅಂದು ಸಂಜೆ ಅವರಿಗೆ ಶಾಲೆಯಲ್ಲಿ ಬೀಳ್ಕೊಡುಗೆ. "ರೆಡಿ ಇದೆಯಾ?" "ನಿಮಗೇ ಕಾಯ್ತಿದೆ ಸರ್" ಎಂದು ಕೋಟಮ್ಮನವರು ಗೂಟದಿಂದ ಕೋಟು ಇಳಿಸಿದರು. ಬಾಗಿಲ ಮರೆಯಲ್ಲಿದ್ದವಳ ಬಾಯಿಂದ ಸ್ವರ ಹೊರಡುವಷ್ಟರಲ್ಲಿ ಮೇಷ್ಟರ ಬಲಗೈ ಸಲೀಸಾಗಿ ಹೊಕ್ಕು ಹೊರಬಂದಿತ್ತು. ಎಡಗೈ ಹೋಯಿತು, ಬರಲಿಲ್ಲ. ಅರ್ಧ ಕೋಟನ್ನು ತೊಟ್ಟು, ಇನ್ನರ್ಧ ಕೋಟಿಗೆ ಸಿಕ್ಕಿಬಿದ್ದು, ಮುಖ್ಯೋಪಾಧ್ಯಾಯರು ಕನ್ನಡಿಯಲ್ಲಿ ತಮ್ಮನ್ನೇ ದಿಟ್ಟಿಸಿದರು.

ಕೋಟಮ್ಮನವರು ತೋಳಿನ ತುದಿಯನ್ನು ಬೆಳಕಿಗೆ ಹಿಡಿದರು. ಎಳೆಯ ತುದಿ ಹುಡುಕಿ ಜಗ್ಗಿದರು. ಜಗ್ಗಲಿಲ್ಲ. "ಕಚ್ಚಿದೆ" ಎಂದರು, ತಮಗಷ್ಟೇ ಕೇಳುವಂತೆ. ಗಿರಾಕಿಯ ಮೈಮೇಲೆ ಕೈಚೇಷ್ಟೆ ನಡೆಯದ ಆ ಅಂಗಡಿಯ ಮಾನ ಆ ಗಳಿಗೆ ಎರಡೆಳೆ ದಾರದಲ್ಲಿ ತೂಗುತ್ತಿತ್ತು.

"ಯಾರ ಕೆಲಸ ಇದು?" ಎಷ್ಟೋ ತರಗತಿಗಳನ್ನು ಒಮ್ಮೆಗೇ ಎದ್ದು ನಿಲ್ಲಿಸಿದ್ದ ಕಂಠ.

ಸೊಸೆ ಬಾಗಿಲ ಮರೆಯಿಂದ ಹೊರಬಂದಳು. ಅವಳು ತುಟಿ ತೆರೆಯುವ ಮೊದಲೇ ಕೋಟಮ್ಮನವರು, "ನಮ್ಮನೆ ಹುಡುಗೀದು ಸರ್. ನನಗೆ ಅಂತ ಹಾಕಿದ್ದು, ನಿಮಗೆ ಬಿತ್ತು. ಕೂತ್ಕೊಳ್ಳಿ, ಬಿಡಿಸಿಕೊಡ್ತೀನಿ" ಎಂದರು.

ಮುಖ್ಯೋಪಾಧ್ಯಾಯರು ಕೂತರು. ಸಣ್ಣ ಕತ್ತರಿ ಒಂದೊಂದೇ ಹೊಲಿಗೆಯನ್ನು ಕತ್ತರಿಸುತ್ತಿದ್ದಂತೆ ಅವರ ಹುಬ್ಬಿನ ಗಂಟೂ ಸಡಿಲವಾಯಿತು. "ನಾನು ಬರೀ ಮೇಷ್ಟ್ರಾಗಿದ್ದಾಗ ಕುರ್ಚಿಗೆ ಅಂಟು ಹಚ್ಚೋರು, ಮೇಜಿನ ಖಾನೆಯಲ್ಲಿ ಕಪ್ಪೆ ಇಡೋರು. ಹೆಡ್ ಮಾಸ್ಟ್ರಾದ ಮೇಲೆ ನೋಡಿ, ಏನೂ ಇಲ್ಲ. ಎಲ್ಲರೂ ಎದ್ದು ನಿಲ್ತಾರೆ, ಅಷ್ಟೇ" ಎಂದು ತಮ್ಮ ಸೆರೆಸಿಕ್ಕ ಕೈಯನ್ನು ಹೆಚ್ಚುಕಡಿಮೆ ಪ್ರೀತಿಯಿಂದ ನೋಡಿದರು. ಹೊರಡುವಾಗ ಸೊಸೆಯತ್ತ ಬೆರಳು ತೋರಿಸಿ, "ನೀನು ಕೊನೇ ಬೆಂಚಿನವಳು ಇರ್ಬೇಕು!" ಎಂದರು. ಜೀವಮಾನವಿಡೀ ಮೊದಲ ಬೆಂಚಿನಲ್ಲಿ ಕೂತಿದ್ದ ಹುಡುಗಿಗೆ ಅದಕ್ಕಿಂತ ದೊಡ್ಡ ಪದವಿ ಯಾರೂ ಕೊಟ್ಟಿರಲಿಲ್ಲ.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಕೋಟಮ್ಮನವರು ಕತ್ತರಿಸಿದ ದಾರದ ಚೂರುಗಳನ್ನು ಅಂಗೈಯಲ್ಲಿ ಕೂಡಿಸುತ್ತಿದ್ದರು. ಸೊಸೆಗೆ ತಡೆಯಲಾಗಲಿಲ್ಲ.

"ನಿಮ್ಮ ಕೋಟು ಅಂದ್ಕೊಂಡೆ ಅತ್ತೆ. ನೀವು ನನಗೆ ಏನೂ ಮಾಡೋದೇ ಬಿಟ್ಬಿಟ್ರಿ. ಅವನ ಕಾಲುಚೀಲ ಹೊಲೀತೀರಿ, ನನ್ನದನ್ನ ಮಡಚಿ ಇಡ್ತೀರಿ. ಗೊತ್ತಿಲ್ದೆ ಆವತ್ತೊಂದು ದಿನ ನಾನು ಅತ್ತೆ. ಅಷ್ಟಕ್ಕೇ..."

ಕೋಟಮ್ಮನವರು ತಲೆಯೆತ್ತಿದರು. ಮುಖ ಬೀಗ ಹಾಕಿದ ಅಂಗಡಿ.

"ನೀನೆಲ್ಲಿ ಅತ್ತೆ? ನೀನು ಸೊಸೆ. ಅತ್ತೆ ನಾನು."

ರೈಲಿನವರ ಮಗಳಿಗೆ ಅದು ತಲುಪಲು ಕೊಂಚ ತಡವಾಯಿತು. ಮೊದಲು ಬಂದದ್ದು ಆ 'ನೀನು'. ನಗೆ ಮುಂದಿನ ಗಾಡಿಯಲ್ಲಿ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಮೇಜು ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು, ಅತ್ತೆಯ ಹೆಗಲಿಗೆ ತಲೆಯಿಟ್ಟಳು. ಕೋಟಮ್ಮನವರು ಅವಳ ಬೆನ್ನು ತಟ್ಟುತ್ತ, "ಸಾಕು ಬಿಡು, ಬಟ್ಟೆ ಒದ್ದೆಯಾಗುತ್ತೆ. ಮೊದ್ಲು ಹೇಳು, ಗಂಟು ಯಾಕೆ ಹಾಕ್ದೆ? ಇದು ಚೇಷ್ಟೆಯಲ್ಲ ಕಣೇ, ಆಪರೇಷನ್ನು" ಎಂದರು. ಒಂದು ತುಂಡು ಬಟ್ಟೆ ತೆಗೆದು ಅವಳ ಕೈಗಿಟ್ಟರು. ಸೂಜಿಯನ್ನು ಹೇಗೆ ಸಡಿಲವಾಗಿ ಹಿಡಿಯಬೇಕು, ಎಳೆಯ ತುದಿಯನ್ನು ಸಿಕ್ಕಿಬಿದ್ದವರ ಕಣ್ಣಿಗೆ ಬೀಳುವಂತೆ ಎಲ್ಲಿ ಬಿಡಬೇಕು ಎಂದು ತೋರಿಸಿದರು. ಆಮೇಲೆ ಏನೋ ಹೊಳೆದು ಕೈ ನಿಲ್ಲಿಸಿದರು.

"ಎಡತೋಳನ್ನೇ ಯಾಕೆ ಹೊಲಿದೆ?"

"ನೀವು ಯಾವಾಗ್ಲೂ ಎಡಗೈ ಮೊದ್ಲು ಹಾಕ್ತೀರಲ್ಲ. ಬಲಗೈಯಲ್ಲಿ ಕತ್ತರಿ ಇರುತ್ತೆ, ಅದನ್ನ ಇಡೋಕೆ ನಿಮಗೆ ಮನಸ್ಸು ಬರಲ್ಲ."

ಕೋಟಮ್ಮನವರು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಅವರ ತಂದೆ ಹೋದಂದಿನಿಂದ, ಅವರು ಯಾವ ಕೈ ಮೊದಲು ಹಾಕುತ್ತಾರೆಂದು ಕಾದು ನೋಡಿದವರು ಯಾರೂ ಇರಲಿಲ್ಲ. "ನೀನು ಬಲಗೈ" ಎಂದರು ಕೊನೆಗೆ. "ಎಡಗೈಗೆ ವಾಚು ಕಟ್ಟಿರ್ತೀಯ, ಒಳಬಟ್ಟೆಗೆ ಸಿಕ್ಕೊಳ್ಳುತ್ತೆ ಅಂತ ಭಯ. ಮದುವೆ ದಿನಾನೇ ನೋಡ್ಕೊಂಡಿದ್ದೆ."

ರಕ್ತ ಪರೀಕ್ಷಿಸುವವಳಿಗೆ ಆ ವಿದ್ಯೆ ಹೀಗೆ, ರಕ್ತದ ಹಂಗಿಲ್ಲದೆ, ದಾರದ ಮೂಲಕ ಬಂತು. ಈಗ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂತು ಕಾಫಿ ಕುಡಿಯುವಂತಿಲ್ಲವೆಂದು ಮಗ ಎಲ್ಲರಿಗೂ ದೂರು ಹೇಳುತ್ತಾನೆ. ಹೇಳುವಾಗ ಅವನ ಮುಖ ನೋಡಬೇಕು.

ಕುಚೇಷ್ಟೆಯವರನ್ನು ಲೋಕ ಹಗುರವಾದ ಜನವೆಂದು ತಿಳಿಯುತ್ತದೆ. ಆದರೆ ಯೋಚಿಸಿ ನೋಡಿ: ನಮಗೆ ಗೌರವ ಕೊಡುವವರಿಗೆ ನಮ್ಮ ಹುದ್ದೆ ತಿಳಿದಿದ್ದರೆ ಸಾಕು, ಉಪಕಾರ ಮಾಡುವವರಿಗೆ ನಮ್ಮ ಕಷ್ಟ ತಿಳಿದಿದ್ದರೆ ಸಾಕು, ಚೇಷ್ಟೆ ಮಾಡಲು ಹೊರಟವರಿಗೆ ಮಾತ್ರ ನಾವು ಇಡಿಯಾಗಿ ಗೊತ್ತಿರಬೇಕು. ಯಾವ ಮಗ್ಗುಲಿನಿಂದ ಏಳುತ್ತೇವೆ, ಯಾವ ಡಬ್ಬಿಯನ್ನು ನೋಡದೆಯೇ ತೆರೆಯುತ್ತೇವೆ, ಎಷ್ಟು ದೂರದವರೆಗೆ ನಮ್ಮ ಸಿಟ್ಟು ಬರೀ ಸಿಟ್ಟು ಮತ್ತು ಎಲ್ಲಿಂದಾಚೆಗೆ ನೋವು, ಇಷ್ಟನ್ನೂ ಅವರು ಸದ್ದಿಲ್ಲದೆ ಕಲಿತಿರುತ್ತಾರೆ. ಒಮ್ಮೊಮ್ಮೆ ಲೆಕ್ಕ ತಪ್ಪುತ್ತಾರೆ, ಆಗ ನಮಗಿಂತ ಹೆಚ್ಚು ಅವರೇ ನೋಯುತ್ತಾರೆ. ಇಂಥವರು ಇರುವ ಮನೆಯಲ್ಲಿ ಕುರ್ಚಿ, ಕದ, ದಿಂಬು, ಲೋಟ, ಎಲ್ಲವೂ ಒಂದಲ್ಲ ಒಂದು ಹುನ್ನಾರ ಹೂಡಿಕೊಂಡು ನಮ್ಮ ದಾರಿ ನೋಡುತ್ತಿರುತ್ತವೆ. ಅವರು ಹೊರಟುಹೋದ ಮೇಲೆ ಮನೆ ಬಹಳ ಅಚ್ಚುಕಟ್ಟಾಗುತ್ತದೆ. ಇಟ್ಟದ್ದು ಇಟ್ಟಲ್ಲೇ ಸಿಗುತ್ತದೆ, ಮತ್ತು ಯಾವ ವಸ್ತುವೂ ನಮಗಾಗಿ ಕಾಯುತ್ತಿರುವುದಿಲ್ಲ.